ಚಿಕ್ಕ ಕೈಗೆ ಕೊಟ್ಟು ನೋಡ್ರಿ

ಚಿಕ್ಕ ಮಕ್ಕಳ ಕೈಗೆ ಏನಾದರೂ ಒಂದು ಕೊಟ್ಟು ನೀವು ಸುಮ್ಮನೆ ಪಕ್ಕಕ್ಕೆ ಕೂತುಬಿಡಿ. ಸಂಜೆ ಮನೆಗೆ ಹೋಗುವಷ್ಟರಲ್ಲಿ ಹೇಳಿಕೊಂಡು ನಗುವಂಥದ್ದು ಏನಾದರೊಂದು ಆಗಿಯೇ ಇರುತ್ತದೆ. ನಾನು ಬಾಲವಾಡಿಯಲ್ಲಿ ಕಲಿಸಿದ ಅಷ್ಟೂ ವರ್ಷ ಇದು ತಪ್ಪಿದ ದಿನ ಕಡಿಮೆ.

ನಾನು ಹುಟ್ಟಿದ್ದು ಬೈಲಹೊಂಗಲದ ಕಡೆ. ಎಂಬತ್ತರ ದಶಕದ ಆರಂಭದಲ್ಲಿ ಲಗ್ನವಾಗಿ ಬೇಡಕಿಹಾಳಕ್ಕೆ ಬಂದೆ. ಊರಿನ ಹೆಣ್ಣುಮಕ್ಕಳೇ ಸೇರಿ ಒಂದು ಹಳೆಯ ಬೆಲ್ಲದ ಗೋದಾಮನ್ನು ತೆರವು ಮಾಡಿಸಿ ಬಾಲವಾಡಿ ಸುರು ಮಾಡಿದ್ದರು. ಮೆಟ್ರಿಕ್ ಪಾಸಾದ ಸೊಸೆ ಊರಿಗೆ ಬಂದಿದ್ದಾಳೆ ಅಂತ ಗೊತ್ತಾದ ಕೂಡಲೆ ನನ್ನನ್ನು ಅಲ್ಲಿ ಕೂಡಿಸಿದರು. ಮಕ್ಕಳು ನನ್ನನ್ನು 'ಅಕ್ಕೋರು' ಎಂದರು. ಅಂದಿನಿಂದ ನನ್ನ ಹೆಸರು ನನಗೇ ಮರೆತಂತಾಯಿತು.

ಚಿಕ್ಕೋಡಿಯಲ್ಲಿ ನಮಗೆಲ್ಲ ತರಬೇತಿ ಕೊಟ್ಟರು. ಅಲ್ಲಿ ಹೇಳಿದ್ದು ಒಂದೇ ಮಾತು. "ಸಣ್ಣ ಹುಡುಗೂರಿಗೆ ಬಾಯಿಲೆ ಹೇಳಬ್ಯಾಡ್ರಿ, ಕೈಯಾಗ ಕೊಡ್ರಿ. ಮುಟ್ಟಿ ಕಲೀಲಿ, ಮಾಡಿ ಕಲೀಲಿ." ಕೈಯಲ್ಲಿ ಕೊಟ್ಟದ್ದೆಲ್ಲ ಮೊದಲು ಬಾಯಿಗೇ ಹೋಗುತ್ತದೆ ಅಂತ ಮಾತ್ರ ಯಾರೂ ಹೇಳಲಿಲ್ಲ. ನಮ್ಮ ಗೋದಾಮಿನ ಗೋಡೆ ನೆಕ್ಕಿದರೆ ಇನ್ನೂ ಸಿಹಿ ಇದೆ ಅನ್ನುವುದನ್ನು ಮಕ್ಕಳು ಮೊದಲ ವಾರವೇ ತಾವಾಗಿ ಮಾಡಿ ಕಲಿತಿದ್ದರು.

ಬೀಜ ಮಲಗೇತಿ

ತರಬೇತಿ ಮುಗಿಸಿ ಬಂದವಳು ಮೊದಲು ಮಾಡಿಸಿದ್ದು ಬೀಜ ಮೊಳೆಯಿಸುವ ಪಾಠ. ತೆಂಗಿನ ಕರಟದಲ್ಲಿ ಮಣ್ಣು ತುಂಬಿ, ಒಬ್ಬೊಬ್ಬರ ಕೈಯಲ್ಲೂ ಹೆಸರುಕಾಳು ಕೊಟ್ಟು ಊರಿಸಿದೆ. ಗೋಡೆಗುಂಟ ಕರಟಗಳ ಸಾಲು ನಿಂತಿತು. ಎಲ್ಲರೂ ನೀರು ಹಾಕಿ ಕೈ ತೊಳೆದುಕೊಂಡರು. ಒಬ್ಬ ಹುಡುಗ ಮಾತ್ರ ಸ್ವಲ್ಪ ಹೊತ್ತಿಗೊಮ್ಮೆ ಎದ್ದು ಹೋಗಿ, ಮಣ್ಣು ಕೆದರಿ, ಕಾಳು ಹೊರಗೆ ತೆಗೆದು, ಎರಡೂ ಕಡೆ ತಿರುಗಿಸಿ ನೋಡಿ, ಮತ್ತೆ ಊರಿ ಬರುತ್ತಿದ್ದ. ಕಬ್ಬಿನ ಹೊಲದವರ ಮಗ ಅವನು. ಬೆಳೆ ಅಂದರೆ ಸ್ವಂತ ಜವಾಬ್ದಾರಿ ಅಂತ ತಿಳಿದಿದ್ದ.

ನಾನು ಅವನನ್ನು ಹತ್ತಿರ ಕೂಡಿಸಿಕೊಂಡು ಹೇಳಿದೆ. "ಬೀಜ ಮಲಗೇತಪಾ. ನೀ ಹಿಂಗ ಮ್ಯಾಲಿಂದ ಮ್ಯಾಲ ಎಬ್ಬಿಸಿದ್ರ ಅದರ ನಿದ್ದಿ ಕೆಡತೈತಿ. ಪೂರಾ ನಿದ್ದಿ ಆದ್ರಽ ಅದು ಏಳೂದು."

ಅವನು ಹೌದೆಂದು ತಲೆಯಾಡಿಸಿದ. ಅಂದು ಮಧ್ಯಾಹ್ನದಿಂದ ನನ್ನ ಬಾಲವಾಡಿಯಲ್ಲಿ ಎಲ್ಲರೂ ಪಿಸುಮಾತು ಸುರು ಮಾಡಿದರು. ತುದಿಗಾಲ ಮೇಲೆ ನಡೆದರು. ಹೊರಗೆ ಬಳೆಗಾರ ಕೂಗಿಕೊಂಡು ಬಂದರೆ ನಾಲ್ಕಾರು ಮಕ್ಕಳು ಓಡಿಹೋಗಿ ಅವನ ಧೋತರ ಹಿಡಿದು "ಶ್ಶ್! ಮಲಗ್ಯಾವ" ಅಂದರು. ಬಳೆಗಾರ ಯಾರದೋ ಮನೆಯ ಕೂಸು ಮಲಗಿದೆಯೆಂದು ತಿಳಿದು, ಓಣಿ ದಾಟುವವರೆಗೂ ಕೂಗಲಿಲ್ಲ. ನನಗೆ ಬಹಳ ಸಂತೋಷವಾಯಿತು. ಇಷ್ಟು ಶಾಂತವಾದ ಬಾಲವಾಡಿ ಇಡೀ ತಾಲೂಕಿನಲ್ಲಿ ಇರಲಿಕ್ಕಿಲ್ಲ ಅಂದುಕೊಂಡೆ.

ಮೂರನೆಯ ದಿನ ಬಾಗಿಲಲ್ಲಿ ಆ ಹುಡುಗನ ಅಪ್ಪ ಬಂದು ನಿಂತ. ಎತ್ತರದ ಆಳು, ತಲೆಗೆ ದೊಡ್ಡ ಪಟಗಾ. ಚಪ್ಪಲಿ ಹೊರಗೆ ಬಿಟ್ಟು, ಒಳಗೆ ಬಗ್ಗಿ, ಅವನೂ ಪಿಸುಮಾತಿನಲ್ಲೇ ಕೇಳಿದ.

"ಅಕ್ಕೋರಽ, ಒಂದ ಮಾತ ಕೇಳೂದಿತ್ರಿ."

"ಕೇಳ್ರಿ. ಜೋರಾಗಿ ಕೇಳ್ರಿ."

"ಬ್ಯಾಡ್ರಿ, ಅಂವ ಬೈತಾನ." ಮಗನ ಕಡೆ ಒಮ್ಮೆ ನೋಡಿ ಮುಂದುವರಿಸಿದ. "ಹೊಸಾ ಕಬ್ಬ ನಾಟೀ ಮಾಡೀನ್ರಿ. ನೀರ ಬಿಡಬೇಕು. ಕರೆಂಟ ಬರೂದಽ ಒಂದೀಟ ಹೊತ್ತು. ಮೋಟರ ಚಾಲೂ ಮಾಡಾಕ ಹೋದ್ರ ಇಂವ ಗುಂಡಿಗೆ ಕೈ ಅಡ್ಡ ಹಿಡಕೊಂಡ ನಿಂದರತಾನ. ಧಡಧಡ ಅಂತ ಸಪ್ಪಳಾಗಿ ಕಬ್ಬಿಗೆ ಎಚ್ಚರಾಗತೈತಿ ಅಂತಾನ. ಹೊಡದ್ರ ಆಕಿ ನಮ್ಮವ್ವ ನನ್ನಽ ಬೈತಾಳ. ಅದಕ್ಕ, ನಮ್ಮ ಕಬ್ಬ ಯಾವಾಗ ಏಳತೈತಿ ಅಂತ ನೀವಽ ಒಂದಿಷ್ಟ ಹೇಳಿಬಿಡ್ರಿ."

ನಗು ಬಂದರೂ ನಗುವ ಹಾಗಿರಲಿಲ್ಲ. ಎರಡು ದಿನ ನೀರು ಕಂಡಿರದ ಕಬ್ಬು ಅದು. ಹುಡುಗನನ್ನು ಕರೆದು ಹೇಳಿದೆ. "ನೀ ಮಲಗಿದಾಗ ನಡುವ ನೀರಡಿಕಿ ಆದ್ರ ಅವ್ವ ಏನ ಮಾಡ್ತಾಳ?"

"ನೀರ ಕುಡಸ್ತಾಳ್ರಿ."

"ಅದಕ್ಕೇನ ನಿದ್ದಿ ಕೆಡತೈತಿ?"

"ಇಲ್ರಿ. ಮತ್ತ ಮಲಗತೇನಿ."

"ಹಂಗಽ ನೋಡು. ಮೋಟರ ಅಂದ್ರ ಕಬ್ಬಿನ ಅವ್ವ."

ಅವನು ಬಹಳ ಹೊತ್ತು ವಿಚಾರ ಮಾಡಿ, ಅಪ್ಪನಿಗೆ ಪರವಾನಗಿ ಕೊಟ್ಟ. ವಾರದೊಳಗೆ ಕರಟದಲ್ಲಿ ಹಸಿರು ಮೊಳಕೆ ಕಾಣಿಸಿಕೊಂಡಿತು. "ಎದ್ದೈತ್ರಿ! ಎದ್ದೈತ್ರಿ!" ಅಂತ ಮಕ್ಕಳೆಲ್ಲ ಕೂಗಿದ ಕೂಗಿಗೆ ಗೋದಾಮಿನ ಹೆಂಚಿನ ಮೇಲಿದ್ದ ಪಾರಿವಾಳಗಳೆಲ್ಲ ಹಾರಿದವು.

ಕೆಲವು ದಿನದ ಮೇಲೆ ಅಪ್ಪ ದಾರಿಯಲ್ಲಿ ಸಿಕ್ಕ. "ಕಬ್ಬ ಹ್ಯಾಂಗೈತ್ರಿ?" ಅಂದೆ.

"ಛಲೋ ಐತ್ರಿ. ಆದ್ರ ಈಗ ಮತ್ತೊಂದ ಸುರು ಮಾಡ್ಯಾನ. ಕೋಳಿ ಕೂಗೂಕಿಂತ ಮೊದಲಽ ಹೊಲದ ಬದುವಿನ ಮ್ಯಾಲ ನಿಂತು 'ಏಳ್ರಲೇ, ಹೊತ್ತೇರೇತಿ' ಅಂತ ಕಬ್ಬಿಗೆ ಒದರತಾನ. ಕಬ್ಬ ಏಳತೈತೋ ಇಲ್ಲೋ ಗೊತ್ತಿಲ್ರಿ, ಸುತ್ತ ಹೊಲದಾನ ಮಂದಿ ಎಲ್ಲಾ ಎದ್ದ ಕುಂಡ್ರಾಕತ್ತಾರ."

ಮುಳುಗೋದು ಯಾವುದು, ತೇಲೋದು ಯಾವುದು

ನೀರಿನಲ್ಲಿ ಯಾವ ಸಾಮಾನು ಮುಳುಗುತ್ತದೆ, ಯಾವುದು ತೇಲುತ್ತದೆ ಅನ್ನುವುದನ್ನು ಮಕ್ಕಳೇ ಕೈಯಾರೆ ಹಾಕಿ ನೋಡಬೇಕು. ನಾನು ಒಂದು ಅಗಲ ಬಾಯಿಯ ದೊಡ್ಡ ಪಾತ್ರೆಗೆ, ನಮ್ಮ ಕಡೆಯ ಪಾತೇಲಿಗೆ, ಬಾವಿಯ ನೀರು ತುಂಬಿಸಿ ಇಟ್ಟೆ. ಕಲ್ಲು, ಎಲೆ, ಮೊಳೆ, ಹಕ್ಕಿಯ ಪುಕ್ಕ ಎಲ್ಲ ಸಜ್ಜು ಮಾಡಿದೆ. ಕಲ್ಲು ಎತ್ತುವಷ್ಟರಲ್ಲಿ ಜೈನರ ಮನೆಯ ಒಬ್ಬ ಹುಡುಗಿ ಎದ್ದು ನಿಂತಳು. ಎರಡು ಜಡೆ, ಗಂಭೀರ ಮುಖ.

"ಅಕ್ಕೋರಽ, ನೀರ ಸೋಸೀರೇನ್ರಿ?"

"ಕುಡಿಯಾಕಲ್ಲವಾ ಇದು. ಆಟಕ್ಕ."

"ಆಟಕ್ಕಾದ್ರೂ ಅದರಾಗ ಸಣ್ಣ ಸಣ್ಣ ಜೀವ ಇರತಾವ್ರಿ. ಕಲ್ಲ ಹಾಕಿದ್ರ ಅವಕ್ಕ ಬಡಿತೈತಿ. ನಮ್ಮಜ್ಜಿ ಹೇಳ್ಯಾಳ."

ಅಜ್ಜಿಯ ಮಾತಿಗೆ ಎದುರು ಹೇಳುವ ಧೈರ್ಯ ನನಗಿರಲಿಲ್ಲ. ಬಿಳಿ ಅರಿವೆ ತಂದು ನೀರು ಸೋಸಿದೆ. ಇನ್ನು ಸುರು ಮಾಡೋಣವೆಂದರೆ ಅವಳು ಅರಿವೆಯ ಕಡೆ ಬೊಟ್ಟು ಮಾಡಿದಳು. "ಅದರಾಗ ಉಳದಾವಲ್ರಿ? ಬಾವಿ ನೀರಾಗಽ ಜಾಲಿಸಿ ಬರಬೇಕ್ರಿ. ಅವರ ಮನಿ ಅಲ್ಲೈತಿ."

ಹಾಗಾಗಿ ನಾವೆಲ್ಲರೂ ಕೂಡಿ ಕಣ್ಣಿಗೆ ಕಾಣದ ಜೀವಗಳನ್ನು ಅವರ ಮನೆ ಮುಟ್ಟಿಸಲು ಬಾವಿಗೆ ಹೊರಟೆವು. ಮುಂದೆ ಅರಿವೆ ಹಿಡಿದ ಹುಡುಗಿ, ಹಿಂದೆ ಮಕ್ಕಳ ಸಾಲು, ಕೊನೆಯಲ್ಲಿ ನಾನು. ದಾರಿಯಲ್ಲಿ ಒಬ್ಬ ಮುದುಕ "ಎಲ್ಲಿಗೆ ಹೊಂಟೀರಿ?" ಎಂದು ಕೇಳಿದ. ಒಬ್ಬ ಹುಡುಗ "ಬೀಗರನ್ನ ಕಳಸಾಕ" ಅಂದ. ಕಟ್ಟೆಯ ಹತ್ತಿರ ಯಾರೂ ಹೋಗದ ಹಾಗೆ ನಿಲ್ಲಿಸಿ, ನಾನು ಅರಿವೆಯನ್ನು ಬಕೀಟಿನಲ್ಲಿ ಜಾಲಿಸಿ, ಬಕೀಟನ್ನು ಬಾವಿಗೆ ಇಳಿಬಿಟ್ಟೆ. ಮಕ್ಕಳೆಲ್ಲ ಕೈ ಬೀಸಿದರು.

ತಿರುಗಿ ಬಂದು ಎಲೆ ಹಾಕಿದೆವು. ತೇಲಿತು. ಚಪ್ಪಾಳೆ. ಅಷ್ಟರಲ್ಲಿ ಒಬ್ಬ ಚೀರಿದ, "ಎಲಿ ಮ್ಯಾಲ ಇರಿವಿ ಐತಿ!" ಬೆಲ್ಲದ ಗೋದಾಮಲ್ಲವೇ, ಇರುವೆಗೇನು ಬರವೆ? ಎಲೆ ಒಮ್ಮೆ ಹೊಯ್ದಾಡಿ ಮಗುಚಿತು. ಇರುವೆ ನೀರಿಗೆ ಬಿತ್ತು. ಆಮೇಲೆ ಕಲ್ಲೂ ಇಲ್ಲ, ಮೊಳೆಯೂ ಇಲ್ಲ. ಎಲ್ಲರ ಕೈಯೂ ಪಾತೇಲಿಯೊಳಗೆ. ಪುಕ್ಕದ ತುದಿಗೆ ಇರುವೆ ಹತ್ತಿಕೊಂಡಿತು. ಜಡೆಯ ಹುಡುಗಿ ಅದನ್ನು ತನ್ನ ಫ್ರಾಕಿನ ಅಂಚಿನ ಮೇಲೆ ಇಳಿಸಿಕೊಂಡು ಬಾಯಿಂದ ಮೆಲ್ಲಗೆ ಊದತೊಡಗಿದಳು. ಸುತ್ತಲೂ ಕೂತ ಮಕ್ಕಳು ಉಸಿರು ಬಿಗಿಹಿಡಿದಿದ್ದರು. ಇರುವೆ ಒಂದು ಕಾಲು ಆಡಿಸಿತು. ಇನ್ನೊಂದು ಆಡಿಸಿತು. ಆಮೇಲೆ ಏನೂ ಆಗಿಲ್ಲವೆಂಬಂತೆ ಎದ್ದು ತನ್ನ ದಾರಿ ಹಿಡಿಯಿತು.

ಅದೇ ಹೊತ್ತಿಗೆ ಚಿಕ್ಕೋಡಿಯಿಂದ ನಮ್ಮ ಮೇಲ್ವಿಚಾರಕಿ ಬಾಯಾರು ತಪಾಸಣೆಗೆ ಬಂದರು. ನೆಲವೆಲ್ಲ ನೀರು, ಮಕ್ಕಳ ಅಂಗಿಯೆಲ್ಲ ತೊಯ್ದಿತ್ತು, ನನ್ನ ಸೀರೆ ಮೊಣಕಾಲವರೆಗೆ ಒದ್ದೆ. ಬಾಯಾರು ಪಾತೇಲಿ ನೋಡಿ ಪಾಠ ಯಾವುದೆಂದು ತಿಳಿದುಕೊಂಡು ಕೇಳಿದರು. "ಹೇಳ್ರಿ ಮಕ್ಕಳಽ, ನೀರಾಗ ಯಾವುದು ಮುಳಗತೈತಿ?"

ಮಕ್ಕಳೆಲ್ಲ ಇರುವೆ ಹೋದ ಕಡೆಗೇ ನೋಡುತ್ತಿದ್ದರು. ಕೊನೆಗೆ ಜಡೆಯ ಹುಡುಗಿಯೇ ಎದ್ದಳು. "ಯಾರನ್ನೂ ಮುಳಗಾಕ ಬಿಡಬಾರದ್ರಿ."

ಬಾಯಾರು ನನ್ನ ಮುಖ ನೋಡಿದರು. ಹೊರಟು ನಿಂತಾಗ ಮಕ್ಕಳೆಲ್ಲ ಬಾಗಿಲವರೆಗೂ ಹೋಗಿ "ಕೆಳಗ ನೋಡಿ ನಡೀರಿ, ಇರಿವಿ ಅದಾವು" ಎಂದು ಹೇಳಿ ಕಳಿಸಿದರು. ಪಾಪ, ಅವರು ಅಷ್ಟೂ ದಾರಿ ಕೆಳಗೆ ನೋಡಿಯೇ ನಡೆದರಂತೆ. ಎದುರಿಗೆ ನಿಂತು ಹೊರಟುಹೋದ ಚಿಕ್ಕೋಡಿ ಬಸ್ಸು ಅವರಿಗೆ ಕಾಣಿಸಲೇ ಇಲ್ಲ.

ಕೋಳಿ ಬರೆದದ್ದು

ಪಾಟಿ ಬಳಪ ಹಿಡಿಯುವುದಕ್ಕಿಂತ ಮೊದಲು ಮಕ್ಕಳು ತಾಟಿನಲ್ಲಿ ಹರವಿದ ಮರಳಿನ ಮೇಲೆ ಬೆರಳಿನಿಂದ ಬರೆದು ಕೈ ತಿದ್ದಬೇಕು. ಒಂದು ದಿನ ತಾಟುಗಳನ್ನು ಅಂಗಳದಲ್ಲಿಟ್ಟು ಕೂಡಿಸಿದ್ದೆ. ಪಕ್ಕದ ಮನೆಯ ಕೋಳಿ ಬಂದು ಒಬ್ಬ ಹುಡುಗನ ತಾಟಿನಲ್ಲಿ ಆ ಕಡೆಯಿಂದ ಈ ಕಡೆಗೆ ನಡೆದುಹೋಯಿತು.

"ಅಕ್ಕೋರಽ, ನನ್ನ ತಾಟಿನ್ಯಾಗ ಕೋಳಿ ಬರದೈತಿ."

ನಾನು ತಮಾಷೆಗೆ ಕೇಳಿದೆ. "ಹೌದಾ? ಏನಂತ ಬರದೈತಿ, ಓದು ನೋಡೂಣು."

ಅವನು ಆ ಕಡೆ ಈ ಕಡೆ ಬಗ್ಗಿ ಬಹಳ ಹೊತ್ತು ನೋಡಿದ. ಆಮೇಲೆ ನನಗೇ ಬುದ್ಧಿ ಹೇಳುವವನಂತೆ ಅಂದ. "ನಮಗ ತಿಳಿಯಾಂಗಿಲ್ರಿ ಅದು. ಅದರ ಅಕ್ಕೋರು ಬಂದು ಓದಬೇಕು."

ರಾಯಬಾಗ ಬಸ್ಸು

ಬಸ್ಸಿನ ಆಟ ನಮ್ಮ ಬಾಲವಾಡಿಯ ದೊಡ್ಡ ಆಟ. ಮಣೆಗಳನ್ನು ಒಂದರ ಹಿಂದೊಂದು ಇಟ್ಟರೆ ಬಸ್ಸು ತಯಾರು. ಬೇವಿನ ಎಲೆ ಟಿಕೀಟು. ಎಣಿಕೆ, ಸಾಲು ಹಿಡಿಯುವುದು, ತಮ್ಮ ಪಾಳಿ ಕಾಯುವುದು ಎಲ್ಲವನ್ನೂ ಅದರಲ್ಲಿ ಕಲಿಸಬಹುದು. ದಪ್ಪ ಗಲ್ಲದ ಒಬ್ಬ ಹುಡುಗ ಕಾಯಂ ಕಂಡಕ್ಟರ್. ಅವನ ದನಿ ಹಾಗಿತ್ತು. "ಚಿಕ್ಕೋಡಿ, ನಿಪ್ಪಾಣಿ, ಕಾಗವಾಡ, ಯಾರ್ರೀ!" ಎಂದು ಕೂಗಿದರೆ ರಸ್ತೆಯಲ್ಲಿ ಹೋಗುವವರೂ ಒಮ್ಮೆ ತಿರುಗಿ ನೋಡುತ್ತಿದ್ದರು.

ಒಂದು ಸಲ ರಾಯಬಾಗದ ಕಡೆಯ ಹಳ್ಳಿಯ ಪುಟ್ಟ ಹುಡುಗಿಯೊಬ್ಬಳನ್ನು ಅವಳ ಅಜ್ಜಿ ತಂದು ಬಿಟ್ಟಳು. ತಾಯಿಗೆ ಹೆರಿಗೆ ಕಷ್ಟವೆಂದು ಮಿರಜಿನ ದವಾಖಾನೆಗೆ ಸೇರಿಸಿದ್ದರು. ಅಪ್ಪ ಅಲ್ಲೇ ಇದ್ದ. ಮಗು ಅಜ್ಜಿಯ ಊರಿಗೆ ಬಂದಿತ್ತು. ಅವಳು ಒಳಗೆ ಬರಲೊಲ್ಲಳು. ತನ್ನ ಅರಿವೆಗಳ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲೇ ನಿಂತು ಅಳುವುದು. ಮಣ್ಣು ಕೊಟ್ಟೆ, ಮಣಿ ಕೊಟ್ಟೆ, ಗೊಂಬೆ ಕೊಟ್ಟೆ. ಯಾವುದಕ್ಕೂ ಕೈ ಚಾಚಲಿಲ್ಲ.

ನಮ್ಮ ಕಂಡಕ್ಟರ್ ಅವಳನ್ನು ಎರಡು ದಿನ ನೋಡಿದ. ಮೂರನೆಯ ದಿನ ಹತ್ತಿರ ಹೋಗಿ ಕೇಳಿದ. "ಎಲ್ಲಿಗೆ ಹೋಗಬೇಕ ನಿಂದು?"

"ನಮ್ಮೂರಿಗೆ. ರಾಯಬಾಗದಾಚಿಗೆ."

"ಹಂಗ ಹೇಳಬೇಕಿಲ್ಲ? ನಮ್ಮ ಬಸ್ ಅಲ್ಲೇ ಹೊಂಟೈತಿ. ಏರು."

ಅವಳು ಚೀಲ ಸರಿಮಾಡಿಕೊಂಡು, ಕಣ್ಣು ಒರೆಸಿಕೊಂಡು, ಬಂದು ಮಣೆಯ ಮೇಲೆ ಕೂತಳು. ನನಗೆ ಎದೆ ಹಗುರವಾಯಿತು. ಬಸ್ಸು ಹೊರಟಿತು. ಎಲ್ಲರೂ ಕೂತಲ್ಲೇ ಅಲ್ಲಾಡಿದರು. "ರಾಯಬಾಗ! ಇಳಿಯಾವ್ರ ಇಳೀರಿ!" ಎಂದು ಕಂಡಕ್ಟರ್ ಕೂಗಿದ. ಅವಳು ಇಳಿದು ಸುತ್ತ ನೋಡಿದಳು. ಅದೇ ಗೋಡೆ, ಅದೇ ನಾನು.

"ಇದ ನಮ್ಮೂರಲ್ಲ."

ಇನ್ನೇನು ಅಳು ಬರುತ್ತದೆ ಎಂದು ನಾನು ಎದ್ದೆ. ಕಂಡಕ್ಟರ್ ಮಾತ್ರ ಗಾಬರಿಯಾಗಲಿಲ್ಲ. "ಅಲ್ಲಂದ್ರ ಮತ್ತ ಏರು. ರಸ್ತೇ ಖರಾಬ ಐತಿ, ವ್ಯಾಳ್ಯಾ ಹಿಡಿತೈತಿ."

ಅವಳು ಮತ್ತೆ ಏರಿದಳು. ಅಂದಿನಿಂದ ದಿನವೂ ಬಸ್ಸು. ಅವಳು ಬಸ್ಸಿನಲ್ಲಿ ಕೂತೇ ಉಪ್ಪಿಟ್ಟು ತಿಂದಳು, ಬಸ್ಸಿನಲ್ಲಿ ಕೂತೇ ಮಣಿ ಪೋಣಿಸಿದಳು, ಹಾಡು ಕಲಿತಳು. ಸಂಜೆ ಅಜ್ಜಿ ಕರೆಯಲು ಬಂದರೆ "ಇನ್ನಾ ಊರ ಬಂದಿಲ್ಲ" ಅನ್ನುವಳು. ಅಜ್ಜಿಯೂ ಒಂದು ಮಣೆಯ ಮೇಲೆ ಉಸ್ಸೆಂದು ಕೂತು, ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಸ್ವಲ್ಪ ದೂರ ಪ್ರಯಾಣ ಮಾಡುವಳು. ಮಿರಜಿನಿಂದ ಸುದ್ದಿ ಬಾರದ ದಿನ ಅಜ್ಜಿಯ ಕಣ್ಣೂ ಹನಿಗೂಡುತ್ತಿತ್ತು. ಆಗ ಕಂಡಕ್ಟರ್ ಅವಳ ಕೈಯಲ್ಲಿ ಬೇವಿನೆಲೆ ಇಟ್ಟು "ಅಜ್ಜೀ, ಕಿಡಕೀ ಕಡೆ ಕುಂಡ್ರು, ಗಾಳಿ ಬರತೈತಿ" ಅನ್ನುತ್ತಿದ್ದ.

ಒಂದು ಮುಂಜಾನೆ ಬಸ್ಸು ಭರ್ತಿ ಓಡುತ್ತಿತ್ತು. ಬಾಗಿಲಲ್ಲಿ ಯಾರೋ ನಿಂತಂತಾಯಿತು. ಬಿಳುಚಿದ ಮುಖದ ತಾಯಿ, ಕೈಯಲ್ಲಿ ಅರಿವೆ ಸುತ್ತಿದ ಕೂಸು, ಹಿಂದೆ ಅಜ್ಜಿ. ಮಗು ಓಡಿಹೋಗಿ ತಾಯಿಯನ್ನು ತಬ್ಬಿಕೊಳ್ಳುತ್ತದೆ ಅಂತ ನಾನು ಕಾದೆ. ಅವಳು ಎದ್ದೇಳಲಿಲ್ಲ. ಪಕ್ಕದ ಮಣೆಯನ್ನು ಕೈಯಿಂದ ಜಾಡಿಸಿ, "ಅವ್ವಾ, ಲಗೂನ ಏರು! ಬಸ್ ಬಿಡಾಕತ್ತೈತಿ" ಅಂದಳು.

ತಾಯಿ ಏನೂ ಕೇಳದೆ ಬಂದು ಕೂತಳು. ಮಗಳ ತಲೆ ಅವಳ ತೋಳಿಗೆ ಒರಗಿತು. ನಾನು ಆ ಕಡೆ ನೋಡಲಾರದೆ ಗೋಡೆಯ ಕಡೆ ತಿರುಗಿದೆ. ಅಷ್ಟರಲ್ಲಿ ಕೂಸು ಎಚ್ಚರಾಗಿ ಗೋದಾಮು ಹಾರಿಹೋಗುವಂತೆ ಕಿರುಚಿಕೊಂಡಿತು. ಕಂಡಕ್ಟರ್ ಹತ್ತಿರ ಬಂದು, ಬಗ್ಗಿ ಅದರ ಮುಖ ನೋಡಿ, ತೀರ್ಪು ಕೊಟ್ಟ.

"ಇದಕ್ಕ ಟಿಕೀಟ ಬ್ಯಾಡ್ರಿ. ಮುಂದ ಡ್ರೈವರನ ಬಾಜೂ ಕೂಡಸ್ರಿ. ನಮ್ಮ ಬಸ್ಸಿಗೆ ಹಾರ್ನ್ ಇರಲಿಲ್ಲ."

ಪಾಸ್, ಛಾಟ್

ತೊಂಬತ್ತರ ಸುಮಾರಿಗೆ ನನ್ನ ಗಂಡನಿಗೆ ನಿಪ್ಪಾಣಿಯಲ್ಲಿ ಕೆಲಸ ಸಿಕ್ಕು ನಾವು ಅಲ್ಲಿಗೆ ಹೋದೆವು. ಅಲ್ಲಿನ ಬೀಡಿ ಕಟ್ಟುವ ಹೆಣ್ಣುಮಕ್ಕಳ ಓಣಿಯಲ್ಲಿ ಒಂದು ಬಾಲವಾಡಿ ಇತ್ತು. ನನ್ನನ್ನು ಅಲ್ಲಿ ಹಾಕಿದರು. ಓಣಿಯ ತುಂಬ ತಂಬಾಕಿನ ವಾಸನೆ. ಪ್ರತಿ ಹೊಸ್ತಿಲಲ್ಲೂ ತೊಡೆಯ ಮೇಲೆ ಮೊರ ಇಟ್ಟುಕೊಂಡು ಎಲೆ ಸುತ್ತುವ ಕೈಗಳು. ಸಂಜೆ ಕಾರಖಾನೆಗೆ ಒಯ್ದು ಕೊಟ್ಟರೆ ಅಲ್ಲಿ ಕೂತ ತಪಾಸಣೆಯವನು ಒಂದೊಂದನ್ನು ಒತ್ತಿ ನೋಡಿ, ಬೇಡವಾದದ್ದನ್ನು "ಛಾಟ್" ಅಂತ ಪಕ್ಕಕ್ಕೆ ಎಸೆಯುತ್ತಿದ್ದ. ಛಾಟ್ ಆದದ್ದಕ್ಕೆ ಕೂಲಿ ಇಲ್ಲ. ಆ ಮಾತು ಓಣಿಯ ಎಲ್ಲ ತಾಯಂದಿರಿಗೂ ಮುಳ್ಳು.

ಒಂದು ದಿನ ಕೆರೆಯ ಮಣ್ಣು ತರಿಸಿ, ಹದ ಮಾಡಿ, ಮಕ್ಕಳಿಗೆ ಉಂಡೆ ಉಂಡೆ ಕೊಟ್ಟೆ. "ನಿಮಗ ಬೇಕಾದ್ದು ಮಾಡ್ರಿ. ಹಣ್ಣು ಮಾಡ್ರಿ, ಎತ್ತು ಮಾಡ್ರಿ, ಹಾವು ಮಾಡ್ರಿ." ನಾನು ಒಂದು ಆನೆ ಮಾಡಲು ಕೂತೆ. ಸೊಂಡಿಲು ಕೂಡಿಸಿ ತಲೆ ಎತ್ತಿ ನೋಡಿದರೆ ಒಬ್ಬರೂ ಹಣ್ಣು ಮಾಡಿಲ್ಲ, ಎತ್ತು ಮಾಡಿಲ್ಲ. ಎಲ್ಲರೂ ಕಾಲು ಮಡಿಚಿ ಕೂತು ಸಣ್ಣ ಸಣ್ಣ ಬೀಡಿ ಹೊಸೆಯುತ್ತಿದ್ದಾರೆ. ದಾರದ ಎಳೆ ಹುಡುಕಿ ಕಟ್ಟು ಕಟ್ಟುತ್ತಿದ್ದಾರೆ. ಎದುರಿಗೆ ಒಬ್ಬ ಹುಡುಗ ಮಣೆ ಹಾಕಿಕೊಂಡು, ಹುಬ್ಬು ಗಂಟು ಹಾಕಿ, ಒಂದೊಂದನ್ನೇ ಒತ್ತಿ ನೋಡುತ್ತಿದ್ದಾನೆ.

"ಪಾಸ್. ಪಾಸ್. ಇದು ಛಾಟ್."

ಮಗಳನ್ನು ಕರೆಯಲು ಬಂದ ಒಬ್ಬ ತಾಯಿ ಬಾಗಿಲಲ್ಲಿ ನಿಂತು ಇದನ್ನು ನೋಡಿದಳು. ನಗುತ್ತಾಳೆಂದುಕೊಂಡಿದ್ದೆ. ಅವಳ ಮುಖ ಸಣ್ಣದಾಯಿತು. "ಇದೊಂದ ಕಲೀಬಾರದು ಅಂತಽ ಇಲ್ಲಿಗೆ ಕಳಸೀನ್ರಿ ನಾ," ಅಂದಳು.

"ಅವ್ವ ಮಾಡೂದನ್ನ ಮಾಡ್ಯಾವ್ರಿ. ಅವಕ್ಕ ನೀವಽ ದೊಡ್ಡವ್ರು," ಎಂದೆ. ಅವಳು ಒಳಗೆ ಬಂದು ಮಗಳ ಪಕ್ಕದಲ್ಲಿ ಕೂತಳು. ಕೈ ತಡೆಯಲಿಲ್ಲವೋ ಏನೋ, ಒಂದು ಚೂರು ಮಣ್ಣು ತೆಗೆದುಕೊಂಡು ಎರಡು ಬೆರಳಿನಲ್ಲಿ ಹೊಸೆದಳು. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಒಂದು ಚಂದದ ಬೀಡಿ. ಮಕ್ಕಳು ಬಾಯಿ ತೆರೆದು ನೋಡಿದರು. ಮಗಳು ಅದನ್ನು ಎತ್ತಿ ಮಣೆಯ ಮೇಲಿನ ಸಾಹೇಬನ ಮುಂದೆ ಇಟ್ಟಳು.

ಅವನು ಒತ್ತಿದ. ಬೆಳಕಿಗೆ ಹಿಡಿದ. ಮೂಸಿದ. ತಾಯಿಯ ನಗು ಅರ್ಧಕ್ಕೆ ನಿಂತಿತ್ತು. ಆಟವೆಂದು ಗೊತ್ತಿದ್ದರೂ ಅವಳು ಸೆರಗು ಬಿಗಿಹಿಡಿದಿದ್ದಳು.

"ಪಾಸ್," ಅಂದ ಸಾಹೇಬ. ಆಮೇಲೆ ಸ್ವಲ್ಪ ಮುಂದೆ ಬಗ್ಗಿ, "ಚಿಗವ್ವಾ, ನಿಂದು ನೋಡೂದಽ ಬ್ಯಾಡ. ನಿಂದೆಲ್ಲಾ ಪಾಸ್," ಅಂದ.

ಅವಳು ಆ ಹುಡುಗನ ಎರಡೂ ಗಲ್ಲ ಹಿಡಿದು, ಹಣೆಗೆ ಹಣೆ ತಾಗಿಸಿ ನಕ್ಕಳು. ಅಷ್ಟು ಜೋರಾಗಿ ಓಣಿಯಲ್ಲಿ ಅವಳು ನಕ್ಕದ್ದನ್ನು ನಾನು ಕೇಳಿರಲಿಲ್ಲ. "ಇಷ್ಟ ವರ್ಷ ಆತು, ಛಾಟ್ ಇಲ್ಲದ ದಿನ ಇವತ್ತಽ ಕಂಡೆ ನೋಡ್ರಿ!"

ನನಗೂ ಹುರುಪು ಬಂದು ನನ್ನ ಆನೆಯನ್ನು ಮಣೆಯ ಮೇಲೆ ಇಟ್ಟೆ. ಸಾಹೇಬ ಅದನ್ನು ತಿರುಗಿಸಿ ನೋಡಿದ. ಸೊಂಡಿಲು ಹಿಡಿದು ಒತ್ತಿದ. ಅದು ಕೈಗೇ ಬಂತು.

"ಛಾಟ್," ಅಂದ.

ನಾಕು

ಇದು ನಿಪ್ಪಾಣಿಗೆ ಹೋದ ಹೊಸದರಲ್ಲಿ ಆದದ್ದು. ಆ ಓಣಿಯ ಮಕ್ಕಳು ಮನೆಯಲ್ಲಿ ಮರಾಠಿ, ರಸ್ತೆಯಲ್ಲಿ ಎರಡೂ. ನನಗೆ ಮರಾಠಿ ಇನ್ನೂ ಬರುತ್ತಿರಲಿಲ್ಲ. ಬಾಲವಾಡಿಯಲ್ಲಿ ನನ್ನ ಕೈಕೆಳಗೆ ಒಬ್ಬ ಹಿರಿಯ ಹೆಂಗಸು ಇದ್ದಳು. ಅಡುಗೆ ಅವಳದೇ, ಮಕ್ಕಳ ಮೂಗು ಒರೆಸುವುದೂ ಅವಳದೇ. ಎಲ್ಲರೂ ಅವಳನ್ನು ಮಾವಶಿ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು. ಎರಡೂ ಭಾಷೆ ಅವಳಿಗೆ ನೀರು ಕುಡಿದಂತೆ.

ಅಂದು ಎಣಿಕೆಯ ಪಾಠ. ಒಬ್ಬೊಬ್ಬರ ಮುಂದೂ ಒಂದು ಬಟ್ಟಲು, ನಡುವೆ ಕಡಲೆಕಾಳಿನ ರಾಶಿ. ನಾನು ಹೇಳಿದಷ್ಟು ಕಾಳು ಎಣಿಸಿ ಬಟ್ಟಲಿಗೆ ಹಾಕಬೇಕು. "ನೀ ಎರಡ ಹಾಕು." ಹಾಕಿದಳು. "ನೀ ಮೂರ ಹಾಕು." ಹಾಕಿದ. ಆ ವಾರವೇ ಸೇರಿದ್ದ ಒಬ್ಬ ಪುಟ್ಟನ ಪಾಳಿ ಬಂತು. ಕನ್ನಡ ಅವನಿಗೆ ಅಷ್ಟಕ್ಕಷ್ಟೆ.

"ನೀ ನಾಕ ಹಾಕು."

ಅವನು ನನ್ನ ಮುಖ ನೋಡಿದ. ಮೂಗಿನ ಮೇಲೆ ಬೆರಳಿಟ್ಟು, "ನಾಕ್?" ಅಂದ.

ಮೂಗು ತುರಿಸಿಕೊಳ್ಳುತ್ತಿದ್ದಾನೆ ಎಂದುಕೊಂಡೆ. "ಹೂಂ, ನಾಕ. ಶಾಣ್ಯಾ ನೀನು. ಹಾಕು, ಹಾಕು."

ಅವನಿಗೆ ಸ್ವಲ್ಪ ಅನುಮಾನವಿದ್ದಂತಿತ್ತು. ಆದರೂ ಅಕ್ಕೋರ ಮಾತು. ಒಂದು ಕಡಲೆಕಾಳು ಎತ್ತಿ ಮೂಗಿನ ಹೊಳ್ಳೆಗೆ ಇಟ್ಟು ಒಳಗೆ ತಳ್ಳಿದ.

ನಾನು ಕೂಗಿದ್ದಕ್ಕೆ ಮಾವಶಿ ಅಡುಗೆ ಬಿಟ್ಟು ಓಡಿ ಬಂದಳು. "ಏನ ಹೇಳಿದ್ರಿ ನೀವು?"

"ನಾಕ ಹಾಕು ಅಂದೆ!"

"ಅಯ್ಯೋ ಅಕ್ಕೋರಽ! ಮರಾಠ್ಯಾಗ ನಾಕ ಅಂದ್ರ ಮೂಗ್ರೀ!"

ಕಾಳು ಕಾಣುತ್ತಿತ್ತು, ಬೆರಳಿಗೆ ಸಿಗುತ್ತಿರಲಿಲ್ಲ. ಬೆರಳು ಹಾಕಿದರೆ ಇನ್ನೂ ಒಳಗೆ ಹೋಗುತ್ತದೆ ಎಂದು ಮಾವಶಿ ನನ್ನ ಕೈ ಹಿಡಿದಳು. ಉಳಿದ ಮಕ್ಕಳನ್ನು ಎದುರು ಮನೆಯ ಹೆಂಗಸಿಗೆ ಒಪ್ಪಿಸಿ, ಹುಡುಗನನ್ನು ಎತ್ತಿಕೊಂಡು ನಾವಿಬ್ಬರೂ ಡಾಕ್ಟರರ ಮನೆಯ ಕಡೆ ಓಡಿದೆವು. ಹುಡುಗ ಅಳಲಿಲ್ಲ. ನನ್ನ ಕೊರಳು ಬಿಗಿಯಾಗಿ ಹಿಡಿದು, ಬಾಯಿಂದ ಉಸಿರಾಡುತ್ತ, ನನ್ನ ಮುಖವನ್ನೇ ನೋಡುತ್ತಿದ್ದ. ಇವನ ತಾಯಿಗೆ ಏನು ಹೇಳಲಿ ಎಂಬುದೊಂದೇ ನನ್ನ ತಲೆಯಲ್ಲಿ.

ಸಮೀಪದ ದಾರಿ ಎಂದು ತಂಬಾಕಿನ ಗೋದಾಮಿನ ಎದುರಿನಿಂದ ಹೋದೆವು. ಅಲ್ಲಿ ಚೀಲ ಝಾಡಿಸುತ್ತಿದ್ದರು. ಕಂದು ಧೂಳು ಮೋಡದಂತೆ ಎದ್ದಿತ್ತು. ಅದರೊಳಗೆ ಹೊಕ್ಕ ಕೂಡಲೆ ಮೊದಲು ಮಾವಶಿ ಸೀನಿದಳು. ನಾನು ಸೀನಿದೆ. ಆಮೇಲೆ ಹುಡುಗ ತಲೆ ಹಿಂದಕ್ಕೆ ಹಾಕಿ, ಕಣ್ಣು ಮುಚ್ಚಿ, ಅಷ್ಟು ಸಣ್ಣ ದೇಹದಿಂದ ಬರಬಹುದೆಂದು ನಂಬಲಾಗದಂಥ ಒಂದು ಸೀನು ಸೀನಿದ. ಕಡಲೆಕಾಳು ಗುಂಡಿನಂತೆ ಹಾರಿ, ಬಾಗಿಲಲ್ಲಿ ಕೂತಿದ್ದ ವ್ಯಾಪಾರಿಯ ಬಿಳಿ ಟೊಪ್ಪಿಗೆಗೆ ಟಪ್ ಎಂದು ಬಡಿಯಿತು.

ನಾನು ಅಲ್ಲೇ ಒಂದು ಚೀಲದ ಮೇಲೆ ಕುಸಿದು ಕೂತು ಅಳತೊಡಗಿದೆ. ಹುಡುಗ ತನ್ನ ತೋಳಿನಿಂದ ನನ್ನ ಕಣ್ಣು ಒರೆಸಿ, "ರಡೂ ನಕಾ, ಬಾಈ. ರಡೂ ನಕಾ," ಅಂದ.

ಮತ್ತೆ 'ನಾಕ' ಅಂದಂತೆ ಕೇಳಿಸಿ ನಾನು ಗಾಬರಿಯಿಂದ ಅವನ ಇನ್ನೊಂದು ಹೊಳ್ಳೆ ನೋಡಹೋದೆ. ಮಾವಶಿ ತಡೆದಳು. "ಅಳಬ್ಯಾಡ್ರಿ ಅಂತಾನ್ರಿ ಪಾಪ!"

ಮರುದಿನದಿಂದ ನಾನು ಎಚ್ಚರಿಕೆ ತೆಗೆದುಕೊಂಡೆ. ಎಣಿಸುವಾಗ ನಾಲ್ಕಕ್ಕೆ ಬಂದ ಕೂಡಲೆ ಮೂಗು ಮುಟ್ಟಿ "ಇದಲ್ಲ" ಎಂದು ತಲೆಯಾಡಿಸಿ, ನಾಲ್ಕು ಬೆರಳು ತೋರಿಸುತ್ತಿದ್ದೆ. ಮಕ್ಕಳು ಬೆರಳು ಬಿಟ್ಟರು, ಮೂಗನ್ನು ಹಿಡಿದರು. "ಒಂದು, ಎರಡು, ಮೂರು" ಎಂದು ಜೋರಾಗಿ ಹೇಳಿ, ಎಲ್ಲರೂ ಒಮ್ಮೆಗೇ ಮೂಗು ಹಿಡಿದು ತಲೆಯಾಡಿಸಿ "ನಾಕು" ಅನ್ನುವರು. ಮೂಗು ಹಿಡಿದದ್ದರಿಂದ ಅದು "ದಾಕು" ಎಂದು ಕೇಳಿಸುತ್ತಿತ್ತು. ಆಮೇಲೆ ಮೂಗು ಬಿಟ್ಟು "ಐದು!" ಯಾರೂ ತಪ್ಪುತ್ತಿರಲಿಲ್ಲ.

ಇದನ್ನು ತಪಾಸಣೆಗೆ ಬಂದ ಹೊಸ ಸಾಹೇಬರೊಬ್ಬರು ನೋಡಿದರು. ಅವರು ಬೆಂಗಳೂರಿನ ಕಡೆಯವರು. "ತುಂಬಾ ಚೆನ್ನಾಗಿದೆ! ಅಂಗಸ್ಪರ್ಶದಿಂದ ಅಂಕಿ!" ಎಂದರು. ನಾನು "ಹಂಗಲ್ರಿ ಸಾಹೇಬರಽ" ಎನ್ನುವಷ್ಟರಲ್ಲಿ ಅವರ ಜೀಪು ಹೊರಟಿತ್ತು.

ಮುಂದೆ ಚಿಕ್ಕೋಡಿಯಲ್ಲಿ ಸಭೆ ಕರೆದರು. ಅಥಣಿ, ರಾಯಬಾಗ, ಕಾಗವಾಡ ಕಡೆಯ ಬಾಲವಾಡಿ ಅಕ್ಕೋರೆಲ್ಲ ಬಂದಿದ್ದರು. ಸಾಹೇಬರು ವೇದಿಕೆಯ ಮೇಲೆ ನಿಂತು ಹೊಸ ಪದ್ಧತಿ ಹೇಳಿಕೊಟ್ಟರು. ದೊಡ್ಡ ದೊಡ್ಡ ಹೆಂಗಸರೆಲ್ಲ ಎದ್ದು ನಿಂತು "ಒಂದು, ಎರಡು, ಮೂರು" ಎಂದು, ಮೂಗು ಹಿಡಿದು "ದಾಕು" ಎಂದರು. ಮರಾಠಿ ಬಲ್ಲ ಕಾಗವಾಡದ ಒಬ್ಬಾಕೆ ಬಾಯಿಗೆ ಸೆರಗು ಒತ್ತಿಕೊಂಡು ಕುಲುಕುಲು ನಗುತ್ತಿದ್ದಳು. ಅಥಣಿಯ ಅಕ್ಕೋರೊಬ್ಬರು ಕೈ ಎತ್ತಿದರು.

"ಸಾಹೇಬರಽ, ನಾಕಕ್ಕೂ ಮೂಗಿಗೂ ಏನ್ರಿ ಸಂಬಂಧ?"

ಸಾಹೇಬರು ಒಂದು ಕ್ಷಣವೂ ತಡೆಯಲಿಲ್ಲ. "ಮುಖ ನೋಡಿ. ಕಣ್ಣು ಎರಡು, ಬಾಯಿ ಮೂರನೆಯದು, ಮೂಗು ನಾಲ್ಕನೆಯದು!"

ಎಲ್ಲರೂ ಹೌದಲ್ಲ ಎಂದು ತಲೆಯಾಡಿಸಿದರು. ಅಥಣಿಯ ಅಕ್ಕೋರು ಬಿಡಲಿಲ್ಲ. "ಹಂಗಾದ್ರ ಐದಕ್ಕ ಏನ ಹಿಡೀಬೇಕ್ರಿ?"

ಈಗ ಸಾಹೇಬರು ಸಭೆಯಲ್ಲಿ ಕಣ್ಣಾಡಿಸಿ ನನ್ನನ್ನು ಹುಡುಕಿದರು. "ಇಗೋ, ಈ ಪದ್ಧತಿ ಕಂಡುಹಿಡಿದ ನಿಪ್ಪಾಣಿಯವರೇ ಇಲ್ಲಿದ್ದಾರೆ. ಬನ್ನಿ, ಐದಕ್ಕೆ ಏನೆಂದು ನೀವೇ ತೋರಿಸಿ."

ನನ್ನನ್ನು ವೇದಿಕೆಗೆ ಹತ್ತಿಸಿದರು. ಇಡೀ ಸಭೆ ನನ್ನನ್ನೇ ನೋಡುತ್ತಿತ್ತು. ನಡೆದದ್ದೆಲ್ಲ ಹೇಳಿ ಕ್ಷಮೆ ಕೇಳಬೇಕೆಂದುಕೊಂಡೆ. ಮಾತಿಗಿಂತ ಮೊದಲು ಕೈಯೇ ಎದ್ದಿತು. ತಪ್ಪಾಯಿತು ಎಂದು ಎರಡೂ ಕೈಯಿಂದ ಎರಡೂ ಕಿವಿ ಹಿಡಿದುಕೊಂಡೆ.

"ಐದು!" ಎಂದು ಕೂಗಿ ಇಡೀ ಸಭೆ ಎದ್ದು ನಿಂತು ಕಿವಿ ಹಿಡಿದುಕೊಂಡಿತು.